ವಾಟರ್ ಪಾರ್ಕ್ ಜನಜಂಗುಳಿಯಲ್ಲಿ ಮಗು ಕಣ್ತಪ್ಪಿದ್ರೆ ಮೊದಲು ಏನ್ ಮಾಡ್ಬೇಕು?

ಬಿಡದಿ: ರಜೆ ಬಂದ್ರೆ ಸಾಕು, ಮೈಸೂರು ರಸ್ತೆಯ ವಂಡರ್‌ಲಾಗೆ ಮಕ್ಕಳನ್ನು ಕರ್ಕೊಂಡು ಬರುವ ಪೋಷಕರ ದಂಡೇ ಇರುತ್ತೆ. ಇಂಥ ಪಾರ್ಕ್‌ಗಳಲ್ಲಿ ನೀರಿಗೆ ಇಳಿಯುವ ಮುಂಚೆ ಮಗುವಿನ ಬಟ್ಟೆ ಬದಲಾಗುತ್ತೆ, ಅಪ್ಪನ ಮೊಬೈಲ್ ಲಾಕರ್ ಸೇರುತ್ತೆ. ಮಗುವಿಗೆ ನಂಬರ್ ಬಾಯಿಪಾಠ ಇದ್ದರೂ ಫೋನ್ ಎತ್ತೋರಿಲ್ಲ.

ಹಾಗಾಗಿ ಬಟ್ಟೆ ಬದಲಿಸಿದ ಮೇಲೆ ಒಂದು ಫೋಟೊ ತೆಗೆದಿಡಿ. ಕೈ ತಪ್ಪಿದ್ರೆ ಎಲ್ಲಿ ನಿಲ್ಲಬೇಕು ಅಂತ ಜಾಗ ತೋರಿಸಿ, ಯೂನಿಫಾರ್ಮ್ ಸಿಬ್ಬಂದಿಯನ್ನು ಗುರುತು ಮಾಡಿಸಿ.

ಮಗು ಕಾಣದಿದ್ದರೆ ಗೇಟ್ ಕಡೆಗೋ ತಿಂಡಿ ಅಂಗಡಿ ಕಡೆಗೋ ಓಡಬೇಡಿ. ಮೊದಲು ನೀರು ನೋಡಿ, ಲೈಫ್‌ಗಾರ್ಡ್‌ಗೆ ಹೇಳಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗಲ್ಲ. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕ. ಕೂಡಲೇ ಮೈಕ್‌ನಲ್ಲಿ ಕೂಗಿಸಿ. ಆಗಲೂ ಸಿಗದಿದ್ದರೆ 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.