ಗಾಡಿ ನಿಮ್ಮದು, ಹೆಸರು ಯಾರದು?

ಎರಡನೇ ಬೆಳೆಯ ಭತ್ತ ಮಾರಿ ನಾಲ್ಕು ಕಾಸು ಕೈಗೆ ಬರುವುದಕ್ಕೂ ಕಾಲೇಜುಗಳು ಶುರುವಾಗುವುದಕ್ಕೂ ಸರಿಹೋಗುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಎಷ್ಟೋ ಮನೆಗಳಲ್ಲಿ ಆಗ ಒಂದೇ ರಾಗ: "ಯಪ್ಪಾ, ನನಗೊಂದು ಗಾಡಿ ಕೊಡ್ಸು." ಹೊಸದರ ಬೆಲೆ ಕೇಳಿದ ಅಪ್ಪನ ಕಣ್ಣು ತಾನಾಗಿಯೇ ಸೆಕೆಂಡ್ ಹ್ಯಾಂಡ್ ಬೈಕಿನತ್ತ ಹೊರಳುತ್ತದೆ.

ಬೇಡಿಕೆ ಅನ್ಯಾಯದ್ದೇನಲ್ಲ. 2024ರಲ್ಲಿ ಸಿಂಧನೂರಿಗೆ ರೈಲು ಬಂದರೂ ಮೂರು ಊರುಗಳ ನಡುವಿನ ಓಡಾಟಕ್ಕೆ ಬಸ್ಸೇ ಗತಿ. ಹೆದ್ದಾರಿ ಬಿಟ್ಟು ಕಾಲುವೆ ದಂಡೆಯ ಹಳ್ಳಿ, ಕ್ಯಾಂಪುಗಳಲ್ಲಿರುವ ಹುಡುಗರಿಗೆ ಬೆಳಗಿನ ಬಸ್ಸು ತಪ್ಪಿದರೆ ಅಂದಿನ ಪಾಠವೂ ತಪ್ಪಿದಂತೆ.

ಆದರೆ ಮೊದಲು ಮಗನ ವಯಸ್ಸು ನೋಡಬೇಕು. ಗೇರ್ ಇರುವ ಬೈಕಿಗೆ 18 ವರ್ಷ ತುಂಬಿ ಲೈಸೆನ್ಸ್ ಪಡೆದಿರಬೇಕು. ಪಿಯುಸಿ ಓದುವ ಹೆಚ್ಚಿನ ಮಕ್ಕಳಿಗೆ ಅಷ್ಟು ವಯಸ್ಸಾಗಿರುವುದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಕರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷಗಳವರೆಗೆ ಜೈಲು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೂ ಸಿಗುವುದಿಲ್ಲ. "ನಮ್ಮ ಹುಡುಗ ಚಲೋ ಹೊಡಿತಾನ" ಎಂಬ ಮಾತು ಅಲ್ಲಿ ನಡೆಯದು.

ಇನ್ನು ಗಾಡಿ ನೋಡುವ ವಿಚಾರ. ಬೆಳಿಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನೀವು ಹೋಗುವುದರೊಳಗೆ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಏಕೆಂದು ಕೇಳಬೇಕು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ದೊಡ್ಡ ಖರ್ಚು ಕಾದಿದೆ ಎಂದರ್ಥ. ಮೀಟರ್ ತೋರಿಸುವ ಕಿಲೋಮೀಟರನ್ನು ಪೂರ್ತಿ ನಂಬಬೇಡಿ. ಅದನ್ನು ಹಿಂದೆ ತಿರುಗಿಸಲು ಬರುತ್ತದೆ. ಫುಟ್‌ರೆಸ್ಟಿನ ರಬ್ಬರು, ಬ್ರೇಕ್ ಪೆಡಲ್ಲು ಸವೆದಿದ್ದನ್ನು ಮುಚ್ಚಿಡುವುದು ಕಷ್ಟ. ನಮ್ಮ ಭಾಗದ ಬೈಕುಗಳು ಮನುಷ್ಯರಿಗಿಂತ ಗೊಬ್ಬರದ ಚೀಲ, ಹಾಲಿನ ಕ್ಯಾನು ಹೊತ್ತದ್ದೇ ಹೆಚ್ಚು. ಆದ್ದರಿಂದ ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನೂ, ಚಾಸಿಗೆ ಎಲ್ಲಿಯಾದರೂ ಬೆಸುಗೆ ಬಿದ್ದಿದೆಯೇ ಎಂಬುದನ್ನೂ ನೋಡಿ. ಪರಿಚಯದ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋದರೆ ಇಷ್ಟೂ ಅವನೇ ನೋಡುತ್ತಾನೆ.

ಅವನು ನೋಡದಿರುವುದು ಕಾಗದ. ಜನ ಎಡವುವುದೂ ಅಲ್ಲಿಯೇ. "ಕಾಗದ ಎಲ್ಲಾ ಸರಿ ಅದಾವ್ರಿ, ಹೆಸರು ಆಮೇಲೆ ಮಾಡಿಸ್ಕೊಂಡ್ರಾತು" ಎಂದು ಮಾರುವವನು ಹೇಳುತ್ತಾನೆ, ಕೊಳ್ಳುವವನು ತಲೆಯಾಡಿಸುತ್ತಾನೆ. ಹಾಗೆ ಎರಡು ಮೂರು ಕೈ ಬದಲಾದರೂ ಆರ್‌ಸಿಯಲ್ಲಿ ಮೊದಲಿನವನ ಹೆಸರೇ ಉಳಿಯುತ್ತದೆ. ಇಂಥದೊಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕಾರೊಂದು ಹಲವರ ಕೈ ದಾಟಿದ ಮೇಲೆ 2009ರಲ್ಲಿ ಅಪಘಾತವಾಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲ ಮಾಲೀಕರ ಹೆಸರೇ ಇತ್ತು. ಕಾನೂನಿನ ಕಣ್ಣಿಗೆ ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ ಎಂದು ಕೋರ್ಟು 2018ರ ಫೆಬ್ರುವರಿಯಲ್ಲಿ ಹೇಳಿತು. ಗಾಡಿ ಮಾರಿ ವರ್ಷಗಳೇ ಆಗಿದ್ದ ಮನುಷ್ಯನ ಸ್ಥಿತಿ ಊಹಿಸಿಕೊಳ್ಳಿ.

ಆದ್ದರಿಂದ ಆರ್‌ಸಿಯಲ್ಲಿರುವ ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಗಾಡಿಯ ಮೇಲಿನ ನಂಬರಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ. ಬೈಕಿನ ಮೇಲೆ ಸಾಲವಿದ್ದರೆ ಆರ್‌ಸಿಯಲ್ಲಿ ಫೈನಾನ್ಸಿನ ಹೆಸರಿರುತ್ತದೆ. ಸಾಲ ತೀರಿದೆ ಎಂಬ ಬಾಯಿಮಾತು ಸಾಲದು. ಫೈನಾನ್ಸಿನವರು ಸಹಿ ಮಾಡಿದ 35ನೇ ನಮೂನೆ ಬೇಕು. ಬಾಕಿ ದಂಡವಿದೆಯೇ ಎಂಬುದನ್ನು ಮೊಬೈಲಿನಲ್ಲೇ ನೋಡಬಹುದು. ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳಿವೆ. ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವನಿಗಿದ್ದ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ.

ರಾಯಚೂರು ಗಡಿ ಜಿಲ್ಲೆ. ಕೆಎ 36ರ ನಡುವೆ ತೆಲಂಗಾಣ, ಆಂಧ್ರದ ನಂಬರಿನ ಬೈಕುಗಳೂ ಮಾರಾಟಕ್ಕೆ ಬರುತ್ತವೆ. ಬೆಲೆ ಕಡಿಮೆ ಎಂದು ಮರುಳಾಗುವವರುಂಟು. ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ, ಹೊಸ ನಂಬರು, ಅದಕ್ಕಾಗಿ ಅಲೆದಾಟ, ಇವೆಲ್ಲವನ್ನೂ ಕೂಡಿಸಿ ಲೆಕ್ಕ ಹಾಕಿ. ಹದಿನೈದು ವರ್ಷ ದಾಟಿದ ಗಾಡಿಯಾದರೆ ನೋಂದಣಿ ನವೀಕರಣದ ಖರ್ಚನ್ನೂ ಸೇರಿಸಿ.

ಪೂರ್ತಿ ಹಣವನ್ನು ಒಂದೇ ಸಲ ಕೊಡದೆ, ಹೆಸರು ಬದಲಾಗುವವರೆಗೆ ಸ್ವಲ್ಪ ಉಳಿಸಿಕೊಳ್ಳುವ ಒಪ್ಪಂದ ಮಾಡಿಕೊಳ್ಳಬಹುದು. ಕೊಟ್ಟಷ್ಟಕ್ಕೆ ರಸೀದಿ ಬರೆಸಿ, ಇಬ್ಬರೂ ಸಹಿ ಹಾಕಿ. ದಿನಾಂಕದ ಪಕ್ಕದಲ್ಲಿ ಗಾಡಿ ಕೈ ಬದಲಾದ ಗಂಟೆಯನ್ನೂ ಬರೆಯಿರಿ. ಬೆಳಿಗ್ಗೆ ಹೋದ ದಂಡದ ಚೀಟಿ ಯಾರದು, ಸಂಜೆಯದು ಯಾರದು ಎಂಬ ಜಗಳ ಬಂದರೆ ನೋಡಲು ಇರುವುದು ಅದೊಂದೇ ಚೀಟಿ.