ಟ್ಯಾಕ್ಸಿ ಬೇಡ, ಸಿಟಿ ಬಸ್ಸು ಸಾಕು

ನ್ಯೂಜೆರ್ಸಿಯಲ್ಲಿ ನನ್ನ ಮಗನ ಶಾಲೆಗೆ ಬೇಸಿಗೆ ರಜೆ ಸಿಗುವುದು ಜೂನ್ ಮೂರನೆಯ ವಾರ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮೈಸೂರಿನಲ್ಲಿ ಬೇಸಿಗೆ ಮುಗಿದು, ಅಟ್ಟದ ಮೇಲಿನ ಛತ್ರಿಗಳೆಲ್ಲ ಕೆಳಗಿಳಿದಿರುತ್ತವೆ. ಇಲ್ಲಿನ ಮಕ್ಕಳು ಹೊಸ ಪುಸ್ತಕಗಳಿಗೆ ಬೈಂಡು ಹಾಕಿಕೊಂಡು ಶಾಲೆಗೆ ಹೋಗಲಾರಂಭಿಸಿ ವಾರಗಳೇ ಆಗಿರುತ್ತವೆ. ಮಾವಿನ ಹಣ್ಣಿನ ಬುಟ್ಟಿಯ ತಳ ಕಾಣುತ್ತಿರುತ್ತದೆ. ಎಲ್ಲರ ರಜೆ ಮುಗಿದ ಮೇಲೆ ರಜೆಗೆಂದು ತವರಿಗೆ ಬರುವವರು ನಾವು!

2022ರಲ್ಲಿ ಬಂದಾಗ, ಕೊರೊನಾ ಕಾಲದಲ್ಲಿ ತಪ್ಪಿಹೋದದ್ದನ್ನೆಲ್ಲ ಒಂದೇ ಸಲಕ್ಕೆ ತೋರಿಸಿಬಿಡುವ ಹುಮ್ಮಸ್ಸು. ಟ್ಯಾಕ್ಸಿ ಗೊತ್ತುಮಾಡಿ ಬೇಲೂರು, ಹಳೇಬೀಡು, ಶೃಂಗೇರಿ, ಉಡುಪಿ, ಜೋಗ ಎಂದು ಹನ್ನೆರಡು ದಿನ ಸುತ್ತಿದೆವು. ಆಗ ಎಂಟು ವರ್ಷದವನಾಗಿದ್ದ ಮಗ ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಂಡ. ಉಳಿದ ಹೊತ್ತು ಮೊಬೈಲಿನಲ್ಲಿ ಮುಳುಗಿದ್ದ. ಮಂಡಿನೋವಿನ ಅಪ್ಪ ಮನೆಯಲ್ಲೇ ಉಳಿದರು. ಹೊರಡುವ ದಿನ ಮಗ ಹೇಳಿಕೊಟ್ಟಂತೆ ತಾತನ ಕಾಲಿಗೆ ನಮಸ್ಕಾರ ಮಾಡಿ, "ಬೈ" ಎಂದು ಕಾರು ಹತ್ತಿದ. ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ಅಮ್ಮನೇ ಫೋನಿನಲ್ಲಿ ಹೇಳಿದಳು: "ಮಗು ಬಂತು, ಹೋಯ್ತು. ನಿಮ್ಮಪ್ಪನ ಹತ್ತಿರ ಹತ್ತು ಮಾತೂ ಆಡಲಿಲ್ಲ ನೋಡು."

ಆ ಮಾತು ಎರಡು ವರ್ಷ ನನ್ನನ್ನು ಕೊರೆಯಿತು. ಮಗನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಮೊಮ್ಮಗನ ಅಮೆರಿಕನ್ ಇಂಗ್ಲಿಷು ಅವರಿಗೆ ಹತ್ತುವುದಿಲ್ಲ. ಆದ್ದರಿಂದ 2024ರಲ್ಲಿ ಬಂದಾಗ ಒಂದು ನಿಯಮ ಮಾಡಿಕೊಂಡೆವು. ದಿನಕ್ಕೆ ಒಂದೇ ತಿರುಗಾಟ. ಅದೂ ಅಪ್ಪ ನಡೆಯುವಷ್ಟು ದೂರ, ಇಲ್ಲವೇ ಸಿಟಿ ಬಸ್ಸು ಹೋಗುವಷ್ಟು ದೂರ. ಮಧ್ಯಾಹ್ನದ ಊಟಕ್ಕೆ ಮನೆ.

ಮೊಳದ ಲೆಕ್ಕ

ಮೊದಲ ದಿನವೇ ದೇವರಾಜ ಮಾರುಕಟ್ಟೆ. ಹೂವಿನ ಸಾಲಿನಲ್ಲಿ ಅಮ್ಮ ಮಲ್ಲಿಗೆ ಕೊಳ್ಳುತ್ತಿದ್ದಳು. ಮಾರುವಾಕೆ ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಹಾಕುವುದನ್ನು ಮಗ ಕಣ್ಣರಳಿಸಿ ನೋಡಿದ. ಅವನದು ನ್ಯಾಯವಾದ ಪ್ರಶ್ನೆ: ಕೈ ಉದ್ದವಿರುವವರ ಹತ್ತಿರ ಕೊಂಡರೆ ಹೂವು ಜಾಸ್ತಿ ಸಿಗುತ್ತದಲ್ಲವೇ? ನಾನು ಕನ್ನಡದಲ್ಲಿ ಹೇಳಿದಾಗ ಹೂವಿನಾಕೆ ನಕ್ಕು, ಎರಡು ಬೆರಳಷ್ಟು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು.

ಮನೆಗೆ ಬಂದ ಮೇಲೆ ಅಪ್ಪ ಲೆಕ್ಕ ಬಿಡಿಸಿದರು. ಒಂದು ಮೊಳವೆಂದರೆ ಹೆಚ್ಚುಕಡಿಮೆ ಒಂದೂವರೆ ಅಡಿ. ನಾಲ್ಕು ಮೊಳ ಸೇರಿದರೆ ಒಂದು ಮಾರು, ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ಸಂಜೆಯವರೆಗೂ ಮಗ ಮನೆಯ ಬಾಗಿಲು, ಮಂಚ, ಅಜ್ಜಿಯ ಸೀರೆ ಎಲ್ಲವನ್ನೂ ಮೊಳ ಹಾಕಿದ್ದೇ ಹಾಕಿದ್ದು!

ಅಜ್ಜಿಗೆ ಪುಕ್ಕಟೆ, ಅಮ್ಮನಿಗೆ ಟಿಕೆಟ್

ಶನಿವಾರ ಅಣ್ಣನ ಮಗಳಿಗೆ ಅರ್ಧ ದಿನ ಶಾಲೆ. ಅವಳು ಬಂದ ಕೂಡಲೇ ಎಲ್ಲರೂ ಚಾಮುಂಡಿ ಬೆಟ್ಟಕ್ಕೆ ಹೋಗುವ 201ನೇ ನಂಬರಿನ ಬಸ್ಸು ಹತ್ತಿದೆವು. ಜೂನ್ 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಇಂಥ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅಮ್ಮ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟ್ ಪಡೆದಳು. ನನ್ನ ಬಳಿ ಇದ್ದದ್ದು ಹೊರದೇಶದ ಗುರುತಿನ ಚೀಟಿ, ದುಡ್ಡು ಕೊಟ್ಟೆ. ಮಗ ಥಟ್ಟನೆ ಕೇಳಿದ: "ಅಮ್ಮ, ನೀನು ಮೈಸೂರಿನವಳು ಅಲ್ವಾ?" ಕಂಡಕ್ಟರ್ ನಕ್ಕರು. ನಾನೂ ನಕ್ಕೆ. ಆದರೆ ಬೆಟ್ಟ ಹತ್ತುವವರೆಗೂ ಆ ಪ್ರಶ್ನೆ ನನ್ನ ಜೊತೆಗೇ ಇತ್ತು.

ದರ್ಶನವಾದ ಮೇಲೆ ಹಿರಿಯರನ್ನು ಬಸ್ಸಿನಲ್ಲಿ ಕಳಿಸಿ, ನಾನೂ ಮಕ್ಕಳೂ ಮೆಟ್ಟಿಲಿನಿಂದ ಇಳಿದೆವು. ಒಟ್ಟು ಸುಮಾರು ಸಾವಿರ ಮೆಟ್ಟಿಲು. ಮೇಲಿನಿಂದ ಮುನ್ನೂರು ಮೆಟ್ಟಿಲು ಇಳಿಯುವಷ್ಟರಲ್ಲಿ ದೊಡ್ಡದೇವರಾಜ ಒಡೆಯರ ಕಾಲದ ಏಕಶಿಲಾ ನಂದಿ ಎದುರಾಗುತ್ತದೆ. ಮೆಟ್ಟಿಲು ಎಣಿಸುವ ಪಂದ್ಯ ಹೂಡಿದವಳು ಸೊಸೆ. ಅವಳೊಡನೆ ಪೈಪೋಟಿಗಿಳಿದ ಮಗನಿಗೆ ಕನ್ನಡದಲ್ಲಿ ನೂರರವರೆಗಿನ ಎಣಿಕೆ ಒಂದೇ ಮಧ್ಯಾಹ್ನಕ್ಕೆ ಬಂತು. ಎರಡು ವರ್ಷ ಭಾನುವಾರದ ಕನ್ನಡ ತರಗತಿಗೆ ಕಳಿಸಿದರೂ ಅದು ನಲವತ್ತಕ್ಕೇ ನಿಂತಿತ್ತು!

ಎಲ್ಲ ದಿನವೂ ಹೀಗೆ ಸೊಗಸಾಗಿತ್ತು ಎಂದುಕೊಳ್ಳಬೇಡಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೆಜ್ಜಾರ್ಲೆ ನೋಡಲು ಹೋದ ದಿನ ಮಳೆ ಹಿಡಿದು, ಮುಕ್ಕಾಲು ಗಂಟೆ ಮರದಡಿ ನೆನೆದೆವು. ಸೊಳ್ಳೆ ಕಚ್ಚಿ ಮಗನ ಕೈ ದದ್ದಾಯಿತು. "ಮನೆಗೆ ಹೋಗೋಣ" ಎಂದು ಅವನು ಹಟ ಹಿಡಿದಾಗ, ಯಾವ ಮನೆಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಹಳಿಯ ಅಗಲ

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಆದ್ದರಿಂದ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಅವರೇ ನಮ್ಮ ಗೈಡು. 1899ರ ಮಹಾರಾಣಿಯವರ ಸಲೂನ್ ಬೋಗಿಯ ಮುಂದೆ ಮಗ ಎರಡು ನಿಮಿಷವೂ ನಿಲ್ಲಲಿಲ್ಲ. ಹಳೆಯ ಉಗಿ ಎಂಜಿನ್ನಿನ ಬಳಿ ಮಾತ್ರ ತಾನಾಗಿಯೇ ನಿಂತ. ಅದರ ಗಾಲಿಗಳ ನಡುವೆ ಇಷ್ಟೇಕೆ ಕಡಿಮೆ ಜಾಗ?

ಅಪ್ಪ ಊರುಗೋಲನ್ನು ಅವನ ಕೈಗೆ ಕೊಟ್ಟು, "ಅಳೆದು ನೋಡೋ ಪುಟ್ಟಾ" ಎಂದರು. ಹಳಿಯ ಮೇಲೆ ಅಡ್ಡಲಾಗಿ ಇಟ್ಟರೆ ಒಂದು ಊರುಗೋಲು, ನಾಲ್ಕು ಬೆರಳು. ಅದೇ ಮೀಟರ್ ಗೇಜ್. ಒಂದು ಹಳಿಯಿಂದ ಇನ್ನೊಂದಕ್ಕೆ ಸರಿಯಾಗಿ ಒಂದು ಮೀಟರು. ಮೈಸೂರು–ಬೆಂಗಳೂರು ನಡುವೆ 1990ರ ದಶಕದ ಆರಂಭದವರೆಗೂ ಓಡುತ್ತಿದ್ದದ್ದು ಈ ಕಿರಿದಾದ ಹಳಿಯ ಮೇಲೇ. ಈಗಿನ ಬ್ರಾಡ್ ಗೇಜ್ 1676 ಮಿಲಿಮೀಟರ್, ಎಂದರೆ ಐದೂವರೆ ಅಡಿ. ಹಳಿಯ ಅಗಲ ಬದಲಾದ ಕಡೆ ಒಂದು ರೈಲಿನಿಂದ ಇಳಿದು, ಮೂಟೆ ಹೊತ್ತು, ಇನ್ನೊಂದು ರೈಲು ಹತ್ತಬೇಕಿತ್ತು. ಇದೆಲ್ಲವನ್ನೂ ಅಪ್ಪ ಕನ್ನಡದಲ್ಲೇ ಹೇಳಿದರು. ಮಗ ನಡುನಡುವೆ ನನ್ನ ಮುಖ ನೋಡುವುದನ್ನು ಬಿಟ್ಟಿದ್ದನೆಂಬುದು ನನಗೆ ಆಮೇಲೆ ಹೊಳೆಯಿತು.

"ನಿಮ್ಮೂರ ರೈಲಿನ ಹಳಿ ಎಷ್ಟು ಅಗಲ?" ಎಂದು ಅಪ್ಪ ಕೇಳಿದರು. ಮಗನಿಗೆ ಗೊತ್ತಿರಲಿಲ್ಲ. "ಗೊತ್ತಿಲ್ಲ ತಾತ" ಎಂದ. ಎರಡೇ ಪದ. ಆದರೆ ತಾತನಿಗೆ ಅವನು ನೇರವಾಗಿ ಕೊಟ್ಟ ಮೊದಲ ಕನ್ನಡದ ಉತ್ತರ ಅದು.

ಪಾಲಕರಿಗೊಂದು ಮಾತು

ಹೊರದೇಶದಿಂದ ಮಕ್ಕಳನ್ನು ಕರೆತರುವವರು ಪ್ರವಾಸವನ್ನೇ ಬಿಡಬೇಕೆಂದಲ್ಲ. ಅದಕ್ಕೆ ಮೂರು ದಿನ ಸಾಕು, ಉಳಿದದ್ದು ಊರಿಗಿರಲಿ. ತಿರುಗಾಟ ಎಲ್ಲಿಗೆ ಎಂಬುದನ್ನು ಅಜ್ಜ ಅಜ್ಜಿಯರೇ ಹೇಳಲಿ. ಅವರಿಗೆ ಚೆನ್ನಾಗಿ ಗೊತ್ತಿರುವ ಜಾಗದಲ್ಲಿ ಮಾತು ತಾನಾಗಿ ಹುಟ್ಟುತ್ತದೆ. ಮಗುವಿನ ಕೈಗೆ ಚಿಲ್ಲರೆ ಕೊಟ್ಟು ಬಾಳೆಹಣ್ಣನ್ನೋ ಕೊತ್ತಂಬರಿಯನ್ನೋ ಅದರಿಂದಲೇ ಕೊಳ್ಳಿಸಿ. ಇಲ್ಲಿನ ಮಕ್ಕಳಿಗೆ ಆಗ ಶಾಲೆಯ ದಿನಗಳೆಂಬುದನ್ನು ಮರೆಯಬೇಡಿ. ಅವರ ಹೋಂವರ್ಕ್ ಕೆಡಿಸದೆ ಶನಿವಾರ, ಭಾನುವಾರಗಳನ್ನು ಕಾದಿರಿಸಿ. ಭಾನುವಾರ ಸಂಜೆ ಅರಮನೆಯ ದೀಪಾಲಂಕಾರವಿರುತ್ತದೆ. ಮೃಗಾಲಯಕ್ಕೆ ಮಂಗಳವಾರ ರಜೆ. ಕುಡಿಯುವ ನೀರು, ಛತ್ರಿ, ಸೊಳ್ಳೆಯ ಮುಲಾಮು ಚೀಲದಲ್ಲಿರಲಿ.

ಇಲ್ಲಿನ ವಿದ್ಯಾರ್ಥಿಗಳಿಗೂ ಒಂದು ಮಾತು. ಹೊರಗಿನಿಂದ ಬಂದ ಅಣ್ಣತಮ್ಮಂದಿರ ಕನ್ನಡ ಕೇಳಿ ನಗಬೇಡಿ. ಒಮ್ಮೆ ನಕ್ಕರೆ ಆ ಮಗು ಮತ್ತೆ ಬಾಯಿ ಬಿಡುವುದಿಲ್ಲ.

ನಾವು ಹಿಂತಿರುಗಿದ ಮೊದಲ ಭಾನುವಾರ ವಿಡಿಯೋ ಕರೆ ಮಾಡಿದೆವು. ಮಗ ನನ್ನ ಕೈಯಿಂದ ಫೋನು ಕಸಿದುಕೊಂಡು, "ತಾತ, ನಾಲ್ಕು ಅಡಿ, ಎಂಟೂವರೆ ಇಂಚು!" ಎಂದು ಕೂಗಿದ. ಅಪ್ಪನಿಗೆ ಮೊದಲ ಸಲ ಕೇಳಿಸಲಿಲ್ಲ. ಅವನು ಬೇಸರಿಸದೆ ಇನ್ನೊಮ್ಮೆ ಹೇಳಿದ.

"ನಿಮಗೆ ಮೊದಲೇ ಗೊತ್ತಿರಲಿಲ್ವಾ ಅಪ್ಪ?" ಎಂದು ಆಮೇಲೆ ಕೇಳಿದೆ.

"ಗೊತ್ತಿತ್ತು ಕಣಮ್ಮ" ಎಂದರು. "ಅವನು ಫೋನ್ ಮಾಡಿ ಹೇಳಲಿ ಅಂತ ಸುಮ್ಮನಿದ್ದೆ."