ಹೃದಯದ ಎರಡು ಚಿತ್ರಗಳು

ಮಹಡಿ ಹತ್ತಿದರೆ ಅಪ್ಪನಿಗೆ ಎದೆ ಬಿಗಿಯುತ್ತಿತ್ತು. ಎರಡು ನಿಮಿಷ ಕುಳಿತರೆ ಸರಿಹೋಗುತ್ತಿತ್ತು. ಇಸಿಜಿಯಲ್ಲಿ ಏನೂ ಕಾಣಲಿಲ್ಲ. ವೈದ್ಯರು ‘ಸ್ಟ್ರೆಸ್ ಥಾಲಿಯಂ’ ಪರೀಕ್ಷೆ ಬರೆದುಕೊಟ್ಟರು.

“ಕೂತಾಗ ಇಲ್ಲದ ನೋವು ತಾತನಿಗೆ ಮೆಟ್ಟಿಲು ಹತ್ತುವಾಗ ಯಾಕಮ್ಮಾ ಬರುತ್ತೆ?” ಎಂದಳು ಐದನೇ ತರಗತಿಯ ನನ್ನ ಮಗಳು. ಈ ಪರೀಕ್ಷೆಯ ಗುಟ್ಟು ಆ ಪ್ರಶ್ನೆಯಲ್ಲೇ ಇದೆ.

ಕಸ ಕಟ್ಟಿದ ಪೈಪಿನಲ್ಲೂ ಒಂದು ನಲ್ಲಿ ತಿರುಗಿಸಿದರೆ ನೀರು ಬರುತ್ತದೆ. ಮನೆಯ ನಾಲ್ಕೂ ನಲ್ಲಿಗಳನ್ನು ಒಟ್ಟಿಗೆ ತಿರುಗಿಸಿದಾಗಲೇ ಕೊರತೆ ಗೊತ್ತಾಗುವುದು. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಕೊರೊನರಿ ನಾಳಗಳ ಕಥೆಯೂ ಇಷ್ಟೇ. ಅದಕ್ಕೇ ಹೃದಯವನ್ನು ದುಡಿಸಿ ಒಂದು ಚಿತ್ರ, ವಿಶ್ರಾಂತಿಯಲ್ಲಿ ಇನ್ನೊಂದು ಚಿತ್ರ ತೆಗೆದು ಹೋಲಿಸುತ್ತಾರೆ.

ಹಿಂದಿನ ದಿನದಿಂದಲೇ ಕಾಫಿ, ಟೀ, ಚಾಕೊಲೇಟ್ ಬಂದ್! ಅಪ್ಪ ಗೊಣಗಿದರೂ ಕೇಳಿದರು. ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ಮೂರು ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತಿದ್ದವು. ಎದೆಬಡಿತ ಸಾಕಷ್ಟು ಏರಿದಾಗ, ವಿಕಿರಣ ಸೂಸುವ ಔಷಧವನ್ನು ಬಹಳ ಸಣ್ಣ ಪ್ರಮಾಣದಲ್ಲಿ ರಕ್ತನಾಳಕ್ಕೆ ಚುಚ್ಚಿದರು. ಮಂಡಿನೋವಿನಿಂದ ನಡೆಯಲಾಗದವರಿಗೆ ರಕ್ತನಾಳ ಹಿಗ್ಗಿಸುವ ಅಡೆನೋಸಿನ್‌ನಂಥ ಔಷಧ ಕೊಡುತ್ತಾರೆ. ಕಾಫಿ ಕುಡಿದಿದ್ದರೆ ಅದು ಸರಿಯಾಗಿ ಕೆಲಸ ಮಾಡದು. ಬಳಿಕ ಗಾಮಾ ಕ್ಯಾಮೆರಾದ ಕೆಳಗೆ ಅಲುಗಾಡದೆ ಮಲಗಬೇಕು. ರಕ್ತ ಚೆನ್ನಾಗಿ ಹರಿದ ಕಡೆ ಚಿತ್ರ ಹೊಳೆಯುತ್ತದೆ, ಕೊರತೆಯಾದ ಕಡೆ ಮಂಕಾಗುತ್ತದೆ.

ದುಡಿದಾಗ ಮಂಕಾದ ಜಾಗ ವಿಶ್ರಾಂತಿಯಲ್ಲಿ ಹೊಳೆದರೆ, ಸ್ನಾಯು ಜೀವಂತವಾಗಿದೆ, ಆದರೆ ಬೇಕಾದಾಗ ರಕ್ತ ಸಾಲುತ್ತಿಲ್ಲ ಎಂದರ್ಥ. ಎರಡರಲ್ಲೂ ಮಂಕಾಗಿದ್ದರೆ ಅದು ಸಾಮಾನ್ಯವಾಗಿ ಹಳೆಯ ಹೃದಯಾಘಾತದ ಕಲೆ. ಅಪ್ಪನದು ಮೊದಲನೆಯ ಬಗೆ. ಕಾಪಾಡಿಕೊಳ್ಳಲು ಇನ್ನೂ ಕಾಲವಿತ್ತು. ಅಂದೇ ಮಾತ್ರೆ ಶುರುವಾಯಿತು, ಆಂಜಿಯೋಗ್ರಾಂಗೆ ದಿನ ಗೊತ್ತಾಯಿತು.

‘ವಿಕಿರಣ’ ಎಂದಾಗ ನನಗೂ ಅಳುಕಿತ್ತು. ಥಾಲಿಯಂ ಎಂಬ ಹೆಸರು ಉಳಿದಿದ್ದರೂ ಈಗ ಹೆಚ್ಚಾಗಿ ಬಳಸುವುದು ಟೆಕ್ನೀಶಿಯಂ-99ಎಂ. 1937ರಲ್ಲಿ ಪತ್ತೆಯಾದ ಟೆಕ್ನೀಶಿಯಂ, ಮನುಷ್ಯ ಕೃತಕವಾಗಿ ತಯಾರಿಸಿದ ಮೊದಲ ಮೂಲಧಾತು. ಈ ಬಗೆಯದರ ವಿಕಿರಣ 6 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಮಕ್ಕಳೇ, 24 ಗಂಟೆಯಲ್ಲಿ ಎಷ್ಟು ಉಳಿಯುತ್ತದೆ, ಲೆಕ್ಕ ಹಾಕಿ. ಹದಿನಾರರಲ್ಲಿ ಒಂದು ಪಾಲು! ಮೂತ್ರದಲ್ಲೂ ಹೊರಹೋಗುವುದರಿಂದ ನಿಜಕ್ಕೂ ಉಳಿಯುವುದು ಇನ್ನೂ ಕಡಿಮೆ. ಚೆನ್ನಾಗಿ ನೀರು ಕುಡಿಯಿರಿ, ಇವತ್ತೊಂದು ದಿನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ ಎಂದು ಅಪ್ಪನಿಗೆ ಹೇಳಿ ಕಳಿಸಿದರು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ತಿಳಿಸಬೇಕು. ದಿನನಿತ್ಯದ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಒಂದು ಮಾತು ನೆನಪಿರಲಿ. ಸುಮ್ಮನೆ ಕುಳಿತಾಗಲೂ ಎದೆ ಹಿಂಡಿ, ಬೆವರು ಕಿತ್ತುಬಂದರೆ ಈ ಪರೀಕ್ಷೆಗೆ ಕಾಯಬಾರದು. ಕೂಡಲೇ 108ಕ್ಕೆ ಕರೆ ಮಾಡಿ. ಮನೆಯ ಮಕ್ಕಳಿಗೂ ಆ ಸಂಖ್ಯೆ ಬಾಯಿಪಾಠವಾಗಿರಲಿ.